ಪೆಟ್ಟಿನ ಲೆಕ್ಕ

1892ರ ನವೆಂಬರ್ 19. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಹ್ಯಾಂಪ್ಡನ್ ಪಾರ್ಕ್ ಮೈದಾನದಲ್ಲಿ ಹಾರ್ವರ್ಡ್ ಮತ್ತು ಯೇಲ್ ತಂಡಗಳ ನಡುವೆ ಫುಟ್‌ಬಾಲ್ ಪಂದ್ಯ. ದ್ವಿತೀಯಾರ್ಧ ಶುರುವಾಗಬೇಕು, ಚೆಂಡು ಹಾರ್ವರ್ಡ್ ಕಡೆಯದು. ಅವರ ಹುಡುಗರು ಎಂದಿನಂತೆ ಸಾಲಾಗಿ ನಿಲ್ಲದೆ ಎರಡು ಗುಂಪಾಗಿ ಒಡೆದು, ಮೈದಾನದ ಎರಡೂ ಅಂಚುಗಳತ್ತ ಹಿಂದೆ ಸರಿದು ನಿಂತರು. ಸನ್ನೆ ಸಿಕ್ಕಿದ್ದೇ ತಡ, ಎರಡೂ ಗುಂಪುಗಳು ಓರೆಯಾಗಿ ನಡುವಿನತ್ತ ಓಡಿಬಂದವು. ಪೂರ್ತಿ ವೇಗದಲ್ಲಿರುವಾಗಲೇ ಒಂದಕ್ಕೊಂದು ಕೂಡಿಕೊಂಡು ಬಾಣದ ಮೊನೆಯಂತಾದವು. ಚೆಂಡು ಹಿಡಿದವನು ಆ ಮೊನೆಯ ಮರೆಯಲ್ಲಿ ಸೇರಿಕೊಂಡ. ಇಷ್ಟೂ ಜನರ ಭಾರ ಹೋಗಿ ಬಡಿದದ್ದು ನಿಂತಲ್ಲೇ ನಿಂತಿದ್ದ ಯೇಲ್ ಸಾಲಿನ ಒಂದೇ ಒಂದು ಜಾಗಕ್ಕೆ.

ಇದಕ್ಕೆ ‘ಹಾರುವ ಬೆಣೆ’ ಎಂಬ ಹೆಸರು ಬಿತ್ತು. ಇದನ್ನು ಕಂಡುಹಿಡಿದ ಲೋರಿನ್ ಡಿಲ್ಯಾಂಡ್ ಎಂಬಾತ ಬಾಸ್ಟನ್‌ನ ವ್ಯವಹಾರಸ್ಥ, ಚದುರಂಗದ ಹುಚ್ಚಿನವನು. ಒಂದು ದಿನವೂ ಫುಟ್‌ಬಾಲ್ ಆಡಿದವನಲ್ಲ. ನೆಪೋಲಿಯನ್ನನ ಯುದ್ಧಗಳನ್ನು ಓದುತ್ತಿದ್ದವನಿಗೆ, ಶತ್ರುವಿನ ಸಾಲಿನ ಒಂದೇ ಬಿಂದುವಿನ ಮೇಲೆ ಇಡೀ ಬಲ ಹಾಕುವ ಉಪಾಯ ಮೈದಾನಕ್ಕೂ ಒಗ್ಗುತ್ತದೆ ಅನ್ನಿಸಿತ್ತು. ಆ ದಿನ ಗೆದ್ದದ್ದು ಯೇಲ್, 6-0. ಆದರೆ ಮರುವರ್ಷದ ಹೊತ್ತಿಗೆ ದೇಶದ ಎಷ್ಟೋ ಕಾಲೇಜುಗಳು ತಮ್ಮದೇ ಬೆಣೆಗಳನ್ನು ಕಟ್ಟಿಕೊಂಡಿದ್ದವು. ಚದುರಂಗದಲ್ಲಿ ಕಾಲಾಳು ಸತ್ತರೆ ಡಬ್ಬಿಗೆ ಹೋಗುತ್ತದೆ. ಇಲ್ಲಿ ಮೂಳೆ ಮುರಿದ ಹುಡುಗರು ಆಸ್ಪತ್ರೆಗೆ ಹೋಗುತ್ತಿದ್ದರು.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ಎದುರಾಳಿಯ ಗಡಿ ದಾಟಬೇಕು. ಎದುರಾಳಿ ಅವನನ್ನು ಹಿಡಿದು ನೆಲಕ್ಕೆ ಕೆಡವಬೇಕು. ಆಗಿನ ನಿಯಮದ ಪ್ರಕಾರ ಮೂರು ಪ್ರಯತ್ನಗಳಲ್ಲಿ 5 ಗಜ ಮುಂದೆ ಸಾಗಿದರೆ ಚೆಂಡು ತಮ್ಮಲ್ಲೇ ಉಳಿಯುತ್ತಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಮೂರು ಸಲಕ್ಕೆ ಐದೇ ಗಜ ಸಾಕೆಂದರೆ ಜಾಣತನ ಯಾಕೆ ಬೇಕು? ಒಬ್ಬನ ಹಿಂದೊಬ್ಬ ನಿಂತು, ತಮ್ಮವನನ್ನು ತಳ್ಳಿ, ಎಳೆದು, ಕೆಲವೊಮ್ಮೆ ಎತ್ತಿ ಎಸೆದು, ಅಂಗುಲ ಅಂಗುಲ ನುಗ್ಗುವುದೇ ಆಟವಾಗಿತ್ತು. ಈ ನಿಯಮಗಳ ಮುಖ್ಯ ಶಿಲ್ಪಿ ಯೇಲ್‌ನ ವಾಲ್ಟರ್ ಕ್ಯಾಂಪ್. 1880ರ ದಶಕದಲ್ಲಿ ಆತ ರಗ್ಬಿಯ ಗೊಂದಲವನ್ನು ಒಂದು ಕ್ರಮಕ್ಕೆ ತಂದ. ನುಗ್ಗಾಟವನ್ನೂ ಅದೇ ಕ್ರಮ ಹುಟ್ಟುಹಾಕಿತು.

1894ರಲ್ಲಿ ಬೆಣೆಯನ್ನು ನಿಷೇಧಿಸಿದರು. ಆಟ ಶುರುಮಾಡುವ ಒದೆತದಲ್ಲಿ, ಅಂದರೆ ಕಿಕ್‌ಆಫ್‌ನಲ್ಲಿ, ಚೆಂಡು ಕನಿಷ್ಠ 10 ಗಜ ಹೋಗಲೇಬೇಕು. ಮೂವರಿಗಿಂತ ಹೆಚ್ಚು ಜನ ಗುಂಪುಕಟ್ಟಿಕೊಂಡು ಹಿಂದಿನಿಂದ ಓಡಿಬರುವಂತಿಲ್ಲ. ಅದೇ ವರ್ಷ ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹಾರ್ವರ್ಡ್ ಮತ್ತು ಯೇಲ್ ಆಡಿದ ಪಂದ್ಯ ಎಷ್ಟು ರಕ್ತಮಯವಾಯಿತೆಂದರೆ, ಎರಡೂ ಸಂಸ್ಥೆಗಳು ಕೆಲಕಾಲ ಪರಸ್ಪರ ಆಡುವುದನ್ನೇ ಬಿಟ್ಟವು. ಬೆಣೆ ಹೋಗಿತ್ತು, ಅದನ್ನು ಕಟ್ಟುತ್ತಿದ್ದ ತೋಳುಗಳು ಹೋಗಿರಲಿಲ್ಲ.

ಮೂರು ವರ್ಷಗಳ ಬಳಿಕ ಮಾತು ಶಾಸನಸಭೆಯವರೆಗೂ ಹೋಯಿತು. 1897ರ ಅಕ್ಟೋಬರ್ 30ರಂದು ಅಟ್ಲಾಂಟಾದಲ್ಲಿ ವರ್ಜೀನಿಯಾ ತಂಡದ ವಿರುದ್ಧ ಆಡುತ್ತಿದ್ದ ಜಾರ್ಜಿಯಾ ವಿಶ್ವವಿದ್ಯಾಲಯದ ರಿಚರ್ಡ್ ವಾನ್ ಗ್ಯಾಮನ್ ತಲೆಗೆ ಪೆಟ್ಟು ಬಿದ್ದು ಕುಸಿದ, ಮರುದಿನ ತೀರಿಕೊಂಡ. ಜಾರ್ಜಿಯಾದ ಶಾಸನಸಭೆ ಭಾರಿ ಬಹುಮತದಿಂದ ಫುಟ್‌ಬಾಲ್ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. ಬಾಕಿ ಇದ್ದದ್ದು ಗವರ್ನರ್ ವಿಲಿಯಂ ಅಟ್ಕಿನ್ಸನ್ ಅವರ ಸಹಿ ಮಾತ್ರ. ಆಗ ಆಟದ ಪರವಾಗಿ ನಿಂತವರು ಸತ್ತ ಹುಡುಗನ ತಾಯಿ ರೊಸಲಿಂಡ್ ಗ್ಯಾಮನ್. ತನ್ನ ಮಗ ಪ್ರಾಣದಂತೆ ಪ್ರೀತಿಸಿದ ಆಟವನ್ನು ಅವನ ಸಾವಿನ ಹೆಸರಿನಲ್ಲೇ ನಿಲ್ಲಿಸಬೇಡಿ ಎಂದು ಆಕೆ ಪತ್ರ ಬರೆದರು. ಗವರ್ನರ್ ಮಸೂದೆಯನ್ನು ತಳ್ಳಿಹಾಕಿದರು. 1921ರಲ್ಲಿ ವರ್ಜೀನಿಯಾದವರು ತಾಯಿ ಮಗ ಇಬ್ಬರ ನೆನಪಿಗೆ ಕಂಚಿನ ಫಲಕವೊಂದನ್ನು ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಆ ತಾಯಿಯ ಪತ್ರವನ್ನು ಇವತ್ತಿಗೂ ಔದಾರ್ಯದ ಕತೆಯಾಗಿ ಹೇಳುತ್ತಾರೆ. ಔದಾರ್ಯವೇ ನಿಜ. ಆದರೆ ಅದೊಂದು ಪತ್ರದಿಂದ ಎಷ್ಟು ಜನ ದೊಡ್ಡವರಿಗೆ ನಿಯಮ ತಿದ್ದುವ ತಲೆನೋವು ತಪ್ಪಿತು ಎಂಬುದನ್ನೂ ಗಮನಿಸಬೇಕು.

ಮುಂದೆ ಬಂದದ್ದು 1905. ಆ ಋತುವಿನ ಕೊನೆಗೆ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆ ಒಂದು ಪಟ್ಟಿ ಪ್ರಕಟಿಸಿತು: ದೇಶದಾದ್ಯಂತ ಫುಟ್‌ಬಾಲ್‌ನಿಂದ ಸತ್ತವರು 18, ತೀವ್ರವಾಗಿ ಗಾಯಗೊಂಡವರು 159. ಸತ್ತವರಲ್ಲಿ ಕಾಲೇಜು ಆಟಗಾರರು ಮೂವರು ಮಾತ್ರ, ಹೆಚ್ಚಿನವರು ಹೈಸ್ಕೂಲಿನ ಹುಡುಗರು. ಆದರೂ ಮಾತೆಲ್ಲ ಕಾಲೇಜುಗಳತ್ತಲೇ ತಿರುಗಿತು, ಯಾಕೆಂದರೆ ನಿಯಮ ಬರೆಯುತ್ತಿದ್ದವರು ಕಾಲೇಜಿನವರು. ಹೈಸ್ಕೂಲಿನ ಹುಡುಗರು ಆಡುತ್ತಿದ್ದದ್ದು ಅವರ ಪುಸ್ತಕದ ಆಟವನ್ನೇ.

ಈ ವರ್ಷದ ಕತೆ ಸಾಮಾನ್ಯವಾಗಿ ಹೀಗೆ ಚಲಾವಣೆಯಲ್ಲಿದೆ: ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್, ಆಟವನ್ನು ಸರಿಮಾಡಿ, ಇಲ್ಲವಾದರೆ ನಿಷೇಧಿಸುತ್ತೇನೆ ಎಂದು ಗುಡುಗಿದರು, ಕಾಲೇಜುಗಳು ಹೆದರಿ ತಿದ್ದಿಕೊಂಡವು. ಕತೆ ಚೆನ್ನಾಗಿದೆ. ಆದರೆ ಆಟವೊಂದನ್ನು ಆಜ್ಞೆ ಹೊರಡಿಸಿ ನಿಲ್ಲಿಸುವ ಅಧಿಕಾರ ಅಮೆರಿಕದ ಅಧ್ಯಕ್ಷರಿಗೆ ಇರಲಿಲ್ಲ, ರೂಸ್ವೆಲ್ಟರಿಗೆ ನಿಲ್ಲಿಸುವ ಮನಸ್ಸೂ ಇರಲಿಲ್ಲ. ಗಂಡಸುತನಕ್ಕೆ ಒರಟು ಆಟ ಬೇಕು ಎಂದು ನಂಬಿದ್ದ ಮನುಷ್ಯ ಅವರು. ಅವರ ಮಗ ಟೆಡ್ ಅದೇ ವರ್ಷ ಹಾರ್ವರ್ಡ್‌ನ ಮೊದಲ ವರ್ಷದವರ ತಂಡದಲ್ಲಿ ಆಡುತ್ತಿದ್ದ. ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದು, ನಿಯಮಗಳನ್ನು ಪ್ರಾಮಾಣಿಕವಾಗಿ ಪಾಲಿಸುತ್ತೇವೆ ಎಂಬ ಮಾತು ತೆಗೆದುಕೊಂಡರು. ಅಷ್ಟೇ. ಸಾವುಗಳ ಪಟ್ಟಿ ಬಂದದ್ದು ಆ ಊಟದ ನಂತರ. ಟೆಡ್‌ನ ಮೂಗು ಮುರಿದದ್ದೂ ಆಮೇಲೆಯೇ.

ನಿಜವಾದ ಒತ್ತಡ ಬಂದದ್ದು ಬೇರೆ ಕಡೆಯಿಂದ. ನವೆಂಬರ್ 25ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧ ಆಡುತ್ತಿದ್ದ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಮಿದುಳಿನ ರಕ್ತಸ್ರಾವದಿಂದ ಸತ್ತ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಚಾನ್ಸಲರ್ ಹೆನ್ರಿ ಮೆಕ್ರಾಕನ್, ಕಾಲೇಜುಗಳ ಸಭೆ ಕರೆಯುವಂತೆ ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ಗೆ ತಂತಿ ಕಳಿಸಿದರು. ಎಲಿಯಟ್ ಈ ಆಟದ ಕಡು ವಿರೋಧಿ, ಆದರೂ ಒಪ್ಪಲಿಲ್ಲ. ಮೆಕ್ರಾಕನ್ ತಾವೇ ಕರೆದರು. ಡಿಸೆಂಬರ್ ಕೊನೆಗೆ ನ್ಯೂಯಾರ್ಕ್‌ನಲ್ಲಿ 60ಕ್ಕೂ ಹೆಚ್ಚು ಕಾಲೇಜುಗಳು ಸೇರಿದವು. ಅಲ್ಲಿ ಹುಟ್ಟಿದ ಸಂಘವೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಇವತ್ತು ಅಮೆರಿಕದ ಕಾಲೇಜು ಕ್ರೀಡೆಯನ್ನು ಆಳುವ ಸಂಸ್ಥೆ ಅದು. ಅಷ್ಟರಲ್ಲಿ ಕೊಲಂಬಿಯಾ ಫುಟ್‌ಬಾಲನ್ನು ಕೈಬಿಟ್ಟಿತ್ತು. ಪಶ್ಚಿಮ ಕರಾವಳಿಯಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು 1906ರಿಂದ ಹಲವು ವರ್ಷ ರಗ್ಬಿಗೆ ಹೊರಳಿದವು.

1906ರ ನಿಯಮಗಳ ಹಿಂದಿದ್ದ ಯೋಚನೆ ಸರಳ: ಗುಂಪನ್ನು ಚದುರಿಸಬೇಕು. ಮೈದಾನವನ್ನೇ ಅಗಲ ಮಾಡೋಣ ಎಂಬ ಸಲಹೆಯೂ ಬಂದಿತ್ತು. ಆದರೆ ಹಾರ್ವರ್ಡ್ 1903ರಲ್ಲಷ್ಟೇ ಕಟ್ಟಿದ್ದ ಕಾಂಕ್ರೀಟ್ ಕ್ರೀಡಾಂಗಣ ಅದಕ್ಕೆ ಅಡ್ಡ ಬಂತು ಎನ್ನುತ್ತಾರೆ. ಕೊನೆಗೆ 5 ಗಜದ ಬದಲು 10 ಗಜ ಸಾಗಬೇಕು ಎಂದಾಯಿತು. ಎರಡು ಸಾಲುಗಳ ನಡುವೆ ಚೆಂಡಿನಷ್ಟು ಅಗಲದ ಖಾಲಿ ಜಾಗ ಬಂತು, ಆಟದ ಅವಧಿ 70 ನಿಮಿಷದಿಂದ 60ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಕ್ಯಾಂಪ್‌ಗೆ ಈ ‘ಫಾರ್ವರ್ಡ್ ಪಾಸ್’ ಹಿಡಿಸಿರಲಿಲ್ಲ. ಅದಕ್ಕೇ ಏನೋ, ಅನುಮತಿಯ ಜೊತೆಗೆ ಕಾಲಿಗೆ ಹಗ್ಗವನ್ನೂ ಕಟ್ಟಿದರು: ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಗೆ ಹೋಗುತ್ತಿತ್ತು. 1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಕಾನೂನುಬದ್ಧ ಪಾಸ್ ಎಸೆದ. ಅದು ನೆಲಕ್ಕೆ ಬಿತ್ತು, ಚೆಂಡು ಎದುರಾಳಿಗಳ ಪಾಲಾಯಿತು. ಅದೇ ಪಂದ್ಯದಲ್ಲಿ ಮತ್ತೆ ಎಸೆದು ಅಂಕ ಗಳಿಸಿದ. ಈ ರಾಬಿನ್ಸನ್ ಮುಂದೆ ವೈದ್ಯನಾದ.

ಇಷ್ಟಕ್ಕೇ ಸಾವು ನಿಲ್ಲಲಿಲ್ಲ. ಪಾಸ್‌ಗೆ ಹಾಕಿದ್ದ ದಂಡಕ್ಕೆ ಹೆದರಿ ಹೆಚ್ಚಿನ ತಂಡಗಳು ಹಳೆಯ ನುಗ್ಗಾಟವನ್ನೇ ಮುಂದುವರಿಸಿದವು. 1909ರ ಅಕ್ಟೋಬರ್ 30ರಂದು ಹಾರ್ವರ್ಡ್ ವಿರುದ್ಧ ಆಡುವಾಗ ಸೇನಾ ಅಕಾಡೆಮಿಯ ಯುಜೀನ್ ಬರ್ನ್ ಕುತ್ತಿಗೆ ಮುರಿದುಕೊಂಡು ಮರುದಿನ ಸತ್ತ. ಎರಡು ವಾರದಲ್ಲಿ ವರ್ಜೀನಿಯಾದ ಆರ್ಚರ್ ಕ್ರಿಶ್ಚಿಯನ್ ಸತ್ತ. 1910ರಲ್ಲಿ ತಮ್ಮವನನ್ನು ತಳ್ಳುವುದು, ಎಳೆಯುವುದು, ತೋಳಿಗೆ ತೋಳು ಹೆಣೆದು ನುಗ್ಗುವುದು ಎಲ್ಲವನ್ನೂ ನಿಷೇಧಿಸಿದರು; ಏಳು ಜನ ಮುಂದಿನ ಸಾಲಿನಲ್ಲೇ ನಿಲ್ಲಬೇಕೆಂದರು; ಆಟವನ್ನು 15 ನಿಮಿಷದ ನಾಲ್ಕು ಭಾಗ ಮಾಡಿದರು. 1912ರಲ್ಲಿ ಮೂರು ಪ್ರಯತ್ನಗಳ ಬದಲು ನಾಲ್ಕು ಬಂದವು. ಇವತ್ತು ಟೀವಿಯಲ್ಲಿ ಕಾಣುವ ಆಟದ ಅಸ್ಥಿಪಂಜರ ಆಗ ಸಿದ್ಧವಾಯಿತು. ಜಗತ್ತಿನ ಅತ್ಯಂತ ಜನಪ್ರಿಯ ಆಟಗಳಲ್ಲೊಂದರ ಸೊಬಗು ಎನ್ನಿಸಿಕೊಂಡ ಉದ್ದನೆಯ ಪಾಸ್ ಮೂಲದಲ್ಲಿ ಒಂದು ಸುರಕ್ಷತಾ ಕ್ರಮ.

ಆದರೆ ಚದುರಿದ ಗುಂಪಿಗೆ ಓಡಲು ಜಾಗ ಸಿಕ್ಕಿತು. ಜಾಗ ಸಿಕ್ಕರೆ ವೇಗ. ಹತ್ತು ಜನರ ಭಾರ ನಿಧಾನವಾಗಿ ಒತ್ತುವ ಅಪಾಯ ಕಡಿಮೆಯಾಗಿ, ಇಬ್ಬರು ಪೂರ್ತಿ ವೇಗದಲ್ಲಿ ಡಿಕ್ಕಿ ಹೊಡೆಯುವ ಅಪಾಯ ಹೆಚ್ಚಾಯಿತು. ಮುಂದಿನ ನೂರು ವರ್ಷ ನಿಯಮ ಬರೆಯುವವರು ಬೆನ್ನಟ್ಟಿದ್ದು ಈ ಡಿಕ್ಕಿಯನ್ನು.

ಲೆಕ್ಕ ಇಡುವ ಅಭ್ಯಾಸ ಪತ್ರಿಕೆಗಳಿಂದ ಆಟದವರ ಕೈಗೆ ಬಂದದ್ದು 1931ರಲ್ಲಿ. ಆ ವರ್ಷದಿಂದ ಕೋಚ್‌ಗಳ ಸಂಘವೇ ಫುಟ್‌ಬಾಲ್ ಸಾವುಗಳ ವಾರ್ಷಿಕ ಸಮೀಕ್ಷೆ ಶುರುಮಾಡಿತು. ಆ ಸಮೀಕ್ಷೆಗೆ ಎರಡು ಅಂಕಣಗಳಿವೆ: ಪೆಟ್ಟಿನಿಂದಲೇ ಆದ ‘ನೇರ’ ಸಾವು; ಹೃದಯದ ತೊಂದರೆ, ಬಿಸಿಲಿನ ಆಘಾತ ಮುಂತಾದವುಗಳಿಂದಾದ ‘ಪರೋಕ್ಷ’ ಸಾವು. ನಿಯಮಗಳು ಯಾವಾಗಲೂ ಮೊದಲ ಅಂಕಣದ ಹಿಂದೆ ಓಡಿದವು.

ತಲೆಗೆ ಪೆಟ್ಟು ಬೀಳುತ್ತದೆ ಎಂದರೆ ತಲೆಗೆ ಏನಾದರೂ ಹಾಕಬೇಕು. 1893ರಷ್ಟು ಹಿಂದೆಯೇ ನೌಕಾ ಅಕಾಡೆಮಿಯ ಜೋಸೆಫ್ ರೀವ್ಸ್ ಎಂಬಾತ, ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೆ ಅಪಾಯ ಎಂದು ವೈದ್ಯರು ಹೇಳಿದ ಮೇಲೆ, ಚಮ್ಮಾರನಿಂದ ತೊಗಲಿನ ಟೋಪಿ ಹೊಲಿಸಿಕೊಂಡು ಆಡಿದ ಕತೆಯಿದೆ. ಹೆಲ್ಮೆಟ್ ಕಡ್ಡಾಯವಾಗಲು 1939 ಬರಬೇಕಾಯಿತು. ಅದೇ ಸುಮಾರಿಗೆ ಪ್ಲಾಸ್ಟಿಕ್ ಹೆಲ್ಮೆಟ್ ಬಂತು, 1950ರ ದಶಕದಲ್ಲಿ ಮುಖಕ್ಕೆ ಕಂಬಿ ಬಂತು. ತಲೆಬುರುಡೆ ಬಿರಿಯುವುದು, ಮೂಗು ಹಲ್ಲು ಮುರಿಯುವುದು ಕಡಿಮೆಯಾಯಿತು. ಜೊತೆಗೇ ಇನ್ನೊಂದಾಯಿತು. ಬರಿಮುಖದವನು ಎದುರಾಳಿಯನ್ನು ಹಿಡಿಯುವಾಗ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಭುಜ ಕೊಡುತ್ತಿದ್ದ. ಕಂಬಿ ಹಾಕಿದ ಮೇಲೆ ಆ ಅಂಜಿಕೆ ಹೋಯಿತು. ತಲೆಯನ್ನೇ ಮುಂದಿಟ್ಟು ಎದುರಾಳಿಯ ಎದೆಗೆ ನೆಟ್ಟು ಹೊಡೆಯುವುದನ್ನು ಕೋಚ್‌ಗಳೇ ಕಲಿಸತೊಡಗಿದರು. 1968ರಲ್ಲಿ ಎಲ್ಲ ಹಂತದ ಫುಟ್‌ಬಾಲ್ ಸೇರಿ ನೇರ ಸಾವುಗಳು 36.

ಈ ನಡುವೆ ನಿಯಮಪುಸ್ತಕದ ಹೊರಗೆ ಒಂದು ಪದ ಹುಟ್ಟಿತು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಎ ಅಂಡ್ ಎಂ ಎಂಬ ಸಣ್ಣ ಕಾಲೇಜಿನ ರೇ ಡೆನಿಸನ್ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಆತನ ಹೆಂಡತಿ, ಕೆಲಸದ ವೇಳೆ ಸತ್ತ ಕಾರ್ಮಿಕರ ಕುಟುಂಬಕ್ಕೆ ಸಿಗುವ ಪರಿಹಾರ ಕೇಳಿದರು. ಎರಡು ವರ್ಷ ಹಿಂದಷ್ಟೇ ಅದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಡೆನ್ವರ್ ವಿಶ್ವವಿದ್ಯಾಲಯದ ಗಾಯಾಳು ಆಟಗಾರನೊಬ್ಬನನ್ನು ಉದ್ಯೋಗಿ ಎಂದು ಒಪ್ಪಿತ್ತು. ಆದರೆ 1957ರಲ್ಲಿ ಡೆನಿಸನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ ಎಂದು ಹೇಳಿ ಪರಿಹಾರ ನಿರಾಕರಿಸಿತು. ಆ ಕಾಲದಲ್ಲಿ ಎನ್‌ಸಿಎಎಯನ್ನು ನಡೆಸುತ್ತಿದ್ದ ವಾಲ್ಟರ್ ಬಯರ್ಸ್ 1995ರಲ್ಲಿ ಬರೆದ ಆತ್ಮಕಥನದಂಥ ಪುಸ್ತಕದಲ್ಲಿ ಒಂದು ಗುಟ್ಟು ಬಿಟ್ಟುಕೊಟ್ಟರು: ಆಟಗಾರರನ್ನು ಯಾರೂ ನೌಕರರೆಂದು ಕರೆಯಬಾರದು ಎಂಬ ಭಯದಿಂದಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಟಂಕಿಸಿ, ಎಲ್ಲ ನಿಯಮಗಳಲ್ಲೂ ತುಂಬಿದ್ದು. ಎಷ್ಟು ನಿರಪಾಯದ ಜೋಡಿಪದ! ವಿದ್ಯಾರ್ಥಿಯೂ ಹೌದು, ಕ್ರೀಡಾಪಟುವೂ ಹೌದು. ಎರಡರ ನಡುವಿನ ಆ ಸಣ್ಣ ಗೆರೆಯೊಳಗೆ ಒಬ್ಬ ವಿಧವೆಯ ಅರ್ಜಿ ಕಾಣದಾಯಿತು. ಮೈದಾನದ ಒಳಗಿನ ನಿಯಮ ಹುಡುಗನನ್ನು ಪೆಟ್ಟಿನಿಂದ ಕಾಯುತ್ತಿತ್ತು; ಹೊರಗಿನ ಈ ಪದ ಪೆಟ್ಟಿನ ಬಿಲ್ಲಿನಿಂದ ಕಾಲೇಜನ್ನು ಕಾಯುತ್ತಿತ್ತು.

ಹೆಲ್ಮೆಟ್ಟಿನ ಒಗಟನ್ನು ಬಿಡಿಸಿದ್ದು ಫಿಲಡೆಲ್ಫಿಯಾದ ಮೂಳೆವೈದ್ಯ ಜೋಸೆಫ್ ಟಾರ್ಗ್. 1975ರಲ್ಲಿ ಆತ ಫುಟ್‌ಬಾಲ್‌ನಲ್ಲಾದ ತಲೆ ಮತ್ತು ಕುತ್ತಿಗೆ ಗಾಯಗಳ ರಾಷ್ಟ್ರೀಯ ದಾಖಲೆ ಆರಂಭಿಸಿದರು. ಹೆಲ್ಮೆಟ್ಟಿನ ಹಿಂಭಾಗದ ಅಂಚು ಕುತ್ತಿಗೆಗೆ ಕತ್ತಿಯಂತೆ ತಾಗುವುದರಿಂದ ಹುಡುಗರು ಪಾರ್ಶ್ವವಾಯುಪೀಡಿತರಾಗುತ್ತಾರೆ ಎಂದು ಅಲ್ಲಿಯವರೆಗೂ ಹಲವರು ನಂಬಿದ್ದರು. ಟಾರ್ಗ್ ಪಂದ್ಯಗಳ ಚಿತ್ರೀಕರಣಗಳನ್ನೂ ಎಕ್ಸ್‌ರೇಗಳನ್ನೂ ಹೋಲಿಸಿ ನೋಡಿದಾಗ ಕಂಡದ್ದು ಬೇರೆ. ನೆಟ್ಟಗೆ ನಿಂತಾಗ ಕುತ್ತಿಗೆಯ ಮೂಳೆಗಳು ಹಿಂದಕ್ಕೆ ತುಸು ಬಾಗಿರುತ್ತವೆ, ಪೆಟ್ಟನ್ನು ಆ ಬಾಗು ನುಂಗುತ್ತದೆ. ತಲೆಯನ್ನು ಸುಮಾರು 30 ಡಿಗ್ರಿ ಬಗ್ಗಿಸಿದರೆ ಮೂಳೆಗಳು ಕೋಲಿನಂತೆ ನೇರವಾಗುತ್ತವೆ. ಆಗ ನೆತ್ತಿಗೆ ಡಿಕ್ಕಿಯಾದರೆ, ತಲೆ ನಿಂತುಬಿಡುತ್ತದೆ, ಮುಂಡ ಬರುತ್ತಲೇ ಇರುತ್ತದೆ, ನಡುವಿನ ಕುತ್ತಿಗೆ ಪುಡಿಯಾಗುತ್ತದೆ. ಹೀಗೆ ಮುರಿಯುವುದು ಹೆಚ್ಚಾಗಿ ಹೊಡೆಯುವವನದೇ ಕುತ್ತಿಗೆ.

1976ರಲ್ಲಿ ಎನ್‌ಸಿಎಎ ಮತ್ತು ಹೈಸ್ಕೂಲುಗಳ ಒಕ್ಕೂಟ ಎರಡೂ ತಲೆಯಿಂದ ಮೊದಲು ಹೊಡೆಯುವುದನ್ನು ನಿಷೇಧಿಸಿದವು. ಆ ವರ್ಷ ಕುತ್ತಿಗೆಯಿಂದ ಕೆಳಗೆ ಶಾಶ್ವತವಾಗಿ ಸ್ವಾಧೀನ ಕಳೆದುಕೊಂಡವರು 34 ಜನ. ಮರುವರ್ಷ 18. 1984ರಲ್ಲಿ 5. 1990ರಲ್ಲಿ, ಸಮೀಕ್ಷೆ ಶುರುವಾದ ಮೇಲೆ ಮೊದಲ ಬಾರಿಗೆ, ಒಂದೂ ನೇರ ಸಾವಿಲ್ಲದ ವರ್ಷ ಬಂತು. ಪುಸ್ತಕದ ಕೆಲವೇ ಸಾಲುಗಳು ಇಷ್ಟು ಜನರನ್ನು ಗಾಲಿಕುರ್ಚಿಯಿಂದ ಉಳಿಸಿದ ಉದಾಹರಣೆ ಬೇರೆ ಆಟಗಳಲ್ಲಿ ಸಿಗುವುದು ಕಷ್ಟ. ಕುತೂಹಲದ ಸಂಗತಿಯೆಂದರೆ ರೆಫರಿಗಳು ಈ ತಪ್ಪಿಗೆ ದಂಡ ಹಾಕಿದ್ದು ಅಪರೂಪ. ಕೆಲಸ ಮಾಡಿದ್ದು ಕೋಚ್‌ಗಳ ಪಾಠ ಬದಲಾದದ್ದು. ರೆಫರಿಗಳ ಕಷ್ಟಕ್ಕೂ ಕಾರಣವಿತ್ತು: ‘ಬೇಕೆಂದೇ’ ಹೊಡೆದನೇ ಎಂದು ಅವರು ನಿರ್ಧರಿಸಬೇಕಿತ್ತು. ಕಣ್ಣಿಗೆ ತಲೆ ಕಾಣುತ್ತದೆ, ತಲೆಯೊಳಗಿನ ಉದ್ದೇಶ ಕಾಣುವುದಿಲ್ಲ. 2005ರಲ್ಲಿ ಎನ್‌ಸಿಎಎ ಉದ್ದೇಶದ ಆ ಪದವನ್ನು ನಿಯಮದಿಂದ ತೆಗೆದುಹಾಕಿತು. 2008ರಲ್ಲಿ ಎದುರಾಳಿಯ ತಲೆಗೆ ಗುರಿಯಿಟ್ಟು ಹೊಡೆಯುವುದಕ್ಕೆ ‘ಟಾರ್ಗೆಟಿಂಗ್’ ಎಂಬ ಪ್ರತ್ಯೇಕ ಅಪರಾಧ ಬಂತು. 2013ರಿಂದ ಅದಕ್ಕೆ ಆಟದಿಂದ ಹೊರಹಾಕುವ ಶಿಕ್ಷೆ. ಉದ್ದೇಶ ‘ಗುರಿ’ಯ ವೇಷದಲ್ಲಿ ಹಿಂಬಾಗಿಲಿನಿಂದ ವಾಪಸ್ಸು ಬಂತು ಎನ್ನಬಹುದು. ಮೊದಲ ವರ್ಷವಂತೂ, ವಿಡಿಯೋ ನೋಡಿ ತಪ್ಪಿಲ್ಲವೆಂದು ಗೊತ್ತಾದರೆ ಆಟಗಾರ ಮೈದಾನಕ್ಕೆ ಮರಳುತ್ತಿದ್ದ, ಆದರೆ ತಂಡಕ್ಕೆ ಹಾಕಿದ 15 ಗಜದ ದಂಡ ಹಾಗೇ ಉಳಿಯುತ್ತಿತ್ತು! ಅದನ್ನು 2014ರಲ್ಲಿ ಸರಿಪಡಿಸಿದರು.

ಬೆಣೆ ಮತ್ತೆ ಕಾಣಿಸಿಕೊಂಡದ್ದು 2010ರಲ್ಲಿ. ಕಿಕ್‌ಆಫ್ ಹಿಡಿದವನ ಮುಂದೆ ಮೂವರು ಅಥವಾ ಹೆಚ್ಚು ಜನ ಭುಜಕ್ಕೆ ಭುಜ ಸೇರಿಸಿ ಗೋಡೆ ಕಟ್ಟುವುದನ್ನು ಎನ್‌ಸಿಎಎ ಆ ವರ್ಷ ನಿಷೇಧಿಸಿತು. 1894ರಲ್ಲಿ ಓಡಿಸಿದ್ದ ಬೆಣೆ ಬೇರೆ ಬೇರೆ ರೂಪದಲ್ಲಿ ಶತಮಾನ ಕಳೆದು ಉಳಿದಿತ್ತು. ಅದೇ ಋತುವಿನ ಅಕ್ಟೋಬರ್ 16ರಂದು ನ್ಯೂಜೆರ್ಸಿಯಲ್ಲಿ, ಸೇನಾ ಅಕಾಡೆಮಿಯ ವಿರುದ್ಧ ಕಿಕ್‌ಆಫ್ ವೇಳೆ ಓಡಿಹೋಗಿ ಎದುರಾಳಿಯನ್ನು ಕೆಡವಿದ ರಟ್ಗರ್ಸ್‌ನ ಎರಿಕ್ ಲೆಗ್ರಾಂಡ್ ಕುತ್ತಿಗೆಯ ಮೂಳೆ ಮುರಿದು ಮೇಲೇಳಲಿಲ್ಲ. 1869ರಲ್ಲಿ ಅಂತರಕಾಲೇಜು ಫುಟ್‌ಬಾಲಿನ ಮೊಟ್ಟಮೊದಲ ಪಂದ್ಯ ಆಡಿದ್ದು ಇದೇ ರಟ್ಗರ್ಸ್. ಅದರ ಕೋಚ್ ಗ್ರೆಗ್ ಶಿಯಾನೊ ಕಿಕ್‌ಆಫನ್ನೇ ತೆಗೆದುಹಾಕಿ ಎಂದರು. ತೆಗೆಯಲಿಲ್ಲ, ಆದರೆ ಅದರ ಹಲ್ಲುಗಳನ್ನು ಒಂದೊಂದಾಗಿ ಕಿತ್ತರು. 2012ರಲ್ಲಿ ಒದೆಯುವ ಜಾಗವನ್ನು 5 ಗಜ ಮುಂದಕ್ಕೆ ತಂದರು, ಚೆಂಡು ಗಡಿ ದಾಟಿ ಹೋಗಿ ಯಾರೂ ಹಿಂದಕ್ಕೆ ಓಡುವ ಅಗತ್ಯವೇ ಬೀಳದಿರಲಿ ಎಂದು. ಹಾರ್ವರ್ಡ್, ಯೇಲ್ ಮುಂತಾದ ಎಂಟು ಸಂಸ್ಥೆಗಳ ಐವಿ ಲೀಗ್ 2016ರಲ್ಲಿ ಇನ್ನೂ 5 ಗಜ ಮುಂದಕ್ಕೆ ತಂದು, ಫಲಿತಾಂಶವನ್ನು ಅಳೆಯಿತು. ತಲೆಯೊಳಗೆ ಮಿದುಳು ಅಲುಗಿ ಆಗುವ ಆಘಾತ, ಅಂದರೆ ಕನ್ಕಶನ್, ಪ್ರತಿ ಸಾವಿರ ಕಿಕ್‌ಆಫ್‌ಗೆ ಮೊದಲು 10.93 ಇದ್ದದ್ದು 2.04ಕ್ಕೆ ಇಳಿದಿತ್ತು.

ಕನ್ಕಶನ್ ಆಯಿತೆಂದು ಯಾರಾದರೂ ಗುರುತಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ. 2010ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 21 ವರ್ಷದ ಆಟಗಾರ ಓವೆನ್ ಥಾಮಸ್ ತನ್ನ ಜೀವ ತಾನೇ ತೆಗೆದುಕೊಂಡ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ ಅವನ ಮಿದುಳಿನಲ್ಲಿ, ಪದೇ ಪದೇ ಪೆಟ್ಟು ತಿಂದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆಯ ಆರಂಭದ ಗುರುತುಗಳು ಸಿಕ್ಕವು. ಅವನ ಸಾವಿಗೆ ಅದೇ ಕಾರಣ ಎಂದು ಯಾರೂ ಹೇಳಲಿಲ್ಲ, ಹೇಳಲೂ ಆಗದು. ಆದರೆ ಅವನ ಹೆಸರಿನಲ್ಲಿ ಒಂದೇ ಒಂದು ಕನ್ಕಶನ್ ಕೂಡ ದಾಖಲಾಗಿರಲಿಲ್ಲ. ವರ್ಷಗಟ್ಟಲೆ ಬಿದ್ದ ಸಣ್ಣ ಪೆಟ್ಟುಗಳಿಗೆ ಯಾವ ಅಂಕಣವೂ ಇರಲಿಲ್ಲ. ಅವುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ವಾರವಿಡೀ ನಡೆಯುವ ಅಭ್ಯಾಸದಲ್ಲಿ. ಅಲ್ಲಿ ರೆಫರಿಯೂ ಇಲ್ಲ, ಪ್ರೇಕ್ಷಕನೂ ಇಲ್ಲ.

ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡಿ ಟೀವನ್ಸ್ ಇದಕ್ಕೆ ಕೈಹಾಕಿದರು. 2010ರಿಂದ ಅಭ್ಯಾಸದಲ್ಲಿ ತಮ್ಮ ಹುಡುಗರು ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿದರು. ಮೆತ್ತನೆ ದಿಂಬುಗಳ ಮೇಲೆ, ಆಮೇಲೆ ಅದೇ ಕಾಲೇಜಿನ ಎಂಜಿನಿಯರುಗಳು ಮಾಡಿಕೊಟ್ಟ ಓಡುವ ಯಂತ್ರಬೊಂಬೆಯ ಮೇಲೆ ಅಭ್ಯಾಸ. ಹುಡುಗರು ಮೆದುವಾಗುತ್ತಾರೆ ಎಂದು ನಕ್ಕವರಿದ್ದರು. 2015ರಲ್ಲಿ ಡಾರ್ಟ್‌ಮತ್ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಇಡೀ ಲೀಗ್ ಋತುವಿನ ಅಭ್ಯಾಸಗಳಲ್ಲಿ ಟ್ಯಾಕಲ್ ನಿಷೇಧಿಸಿತು. ದೊಡ್ಡ ಲೀಗ್‌ಗಳು ಇಷ್ಟು ದೂರ ಹೋಗಲಿಲ್ಲ. ಲಕ್ಷ ಜನ ಕೂರುವ ಕ್ರೀಡಾಂಗಣ ಇರುವವರಿಗೆ ಪ್ರಯೋಗದ ಧೈರ್ಯ ಕಡಿಮೆ.

ಸಮೀಕ್ಷೆಯ ಎರಡನೆಯ ಅಂಕಣ ಮಾತ್ರ ಬಹಳ ಕಾಲ ಹಾಗೇ ಇತ್ತು. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಜೋರ್ಡನ್ ಮೆಕ್‌ನೇರ್ ಓಟದ ತಾಲೀಮಿನಲ್ಲಿ ಬಿಸಿಲಿನ ಆಘಾತದಿಂದ ಕುಸಿದ, ಜೂನ್ 13ರಂದು ತೀರಿಕೊಂಡ. ಮೈಯನ್ನು ತಣ್ಣೀರಿನಲ್ಲಿ ಮುಳುಗಿಸಿದ್ದರೆ ಉಳಿಯುವ ಸಾಧ್ಯತೆ ಇತ್ತು, ಯಾರೂ ಮುಳುಗಿಸಲಿಲ್ಲ. ವಿಶ್ವವಿದ್ಯಾಲಯ ಹೊಣೆ ಒಪ್ಪಿಕೊಂಡಿತು. ಅಲ್ಲಿ ಯಾರೂ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ.

ಮಾಜಿ ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಕನ್ಕಶನ್ ದಾವೆ 2019ರಲ್ಲಿ 7.5 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಆ ಹಣ ವೈದ್ಯಕೀಯ ತಪಾಸಣೆಗೆ ಮತ್ತು ಸಂಶೋಧನೆಗೆ. ಗಾಯಗೊಂಡವರ ಕೈಗೆ ಪರಿಹಾರವೆಂದು ಏನೂ ಇಲ್ಲ. 2022ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಜಿ ಆಟಗಾರನೊಬ್ಬನ ಪತ್ನಿ, ಗಂಡನ ಸಾವಿಗೆ ಆಟದ ಪೆಟ್ಟುಗಳೇ ಕಾರಣ, ಎನ್‌ಸಿಎಎ ಎಚ್ಚರಿಸಲಿಲ್ಲ ಎಂದು ಹೂಡಿದ್ದ ಮೊಕದ್ದಮೆಯಲ್ಲಿ ಜ್ಯೂರಿ ಎನ್‌ಸಿಎಎ ಪರ ತೀರ್ಪು ಕೊಟ್ಟಿತು. 2025ರ ಜುಲೈಯಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದಾಗಿದೆ. ಅವರನ್ನು ಉದ್ಯೋಗಿಗಳೆಂದು ಕರೆಯಲು ಕಾಲೇಜುಗಳು ಇನ್ನೂ ಒಪ್ಪಿಲ್ಲ.